ಹಳೆಯ ಪಿಕಪ್ ವಾಹನಗಳಲ್ಲಿ ಇಂಧನ ಕ್ಷಮತೆಯ ಇಳಿಕೆ ಮತ್ತು ಅದರ ಪತ್ತೆ

ಹಳೆಯ ಪಿಕಪ್ ವಾಹನಗಳಲ್ಲಿ ಇಂಧನ ಕ್ಷಮತೆಯ ಇಳಿಕೆ ಎಂದರೆ, ಒಂದು ವಾಹನವು ಮೊದಲು ಪ್ರತಿ ಲೀಟರ್ ಡೀಸೆಲ್‌ಗೆ ಕ್ರಮಿಸುತ್ತಿದ್ದ ದೂರಕ್ಕಿಂತ ಕಡಿಮೆ ದೂರವನ್ನು ಕ್ರಮಿಸತೊಡಗುವುದು. ಇದನ್ನು ಸಾಮಾನ್ಯ ಬಳಕೆಯಲ್ಲಿ 'ಮೈಲೇಜ್ ಇಳಿಯುವುದು' ಎನ್ನುತ್ತಾರೆ. ಬೀದರ ಜಿಲ್ಲೆಯ ಚಾಲಕರಲ್ಲಿ 'ಆವರೇಜ್ ಕಡಿಮೆಯಾಗುವುದು' ಎಂಬ ಮಾತೂ ರೂಢಿಯಲ್ಲಿದೆ. ಇಂಧನ ಕ್ಷಮತೆಯ ಇಳಿಕೆಯು ತಾನೇ ಒಂದು ದೋಷವಲ್ಲ. ಅದು ಬೇರೆ ದೋಷಗಳ ಅಥವಾ ಬದಲಾದ ಬಳಕೆಯ ಲಕ್ಷಣ. ಆದ್ದರಿಂದ ಬಿಡಿಭಾಗಗಳನ್ನು ಬದಲಿಸುವುದಕ್ಕೆ ಮೊದಲು ಕಾರಣವನ್ನು ಕ್ರಮಬದ್ಧವಾಗಿ ಪತ್ತೆಹಚ್ಚಬೇಕಾಗುತ್ತದೆ. ಈ ಲೇಖನವು ಬೀದರ ನಗರ, ಭಾಲ್ಕಿ ಮತ್ತು ಔರಾದ ಪ್ರದೇಶದ ರಸ್ತೆ ಹಾಗೂ ಸರಕು ಸಾಗಣೆಯ ಸಂದರ್ಭವನ್ನು ಮುಂದಿಟ್ಟುಕೊಂಡು ಡೀಸೆಲ್ ಪಿಕಪ್‌ಗಳಲ್ಲಿ ಈ ಪತ್ತೆಯ ವಿಧಾನವನ್ನು ವಿವರಿಸುತ್ತದೆ.

ಹಿನ್ನೆಲೆ

ಬೀದರ ಜಿಲ್ಲೆಯು ಕರ್ನಾಟಕದ ಉತ್ತರ ತುದಿಯಲ್ಲಿದ್ದು, ಮಹಾರಾಷ್ಟ್ರ ಮತ್ತು ತೆಲಂಗಾಣ ರಾಜ್ಯಗಳಿಗೆ ಹೊಂದಿಕೊಂಡಿದೆ. ಬೀದರ ನಗರವು ದಖ್ಖನ್ ಪ್ರಸ್ಥಭೂಮಿಯ ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಮೇಲಿದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳಲ್ಲಿ ಕಪ್ಪು ಎರೆಮಣ್ಣು ಹೆಚ್ಚು. ಈ ಭಾಗಗಳ ನಡುವೆ ಮಾಂಜ್ರಾ ನದಿಯ ಕಣಿವೆ ಹಾದುಹೋಗುತ್ತದೆ. ಬೀದರದಿಂದ ಭಾಲ್ಕಿಗೂ ಔರಾದಕ್ಕೂ ತಲಾ ಹೆಚ್ಚುಕಡಿಮೆ 40 ಕಿಲೋಮೀಟರ್ ದೂರವಿದೆ. ಭಾಲ್ಕಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೋಂದಣಿಯಾದ ವಾಹನಗಳು ಕೆಎ-39 ಎಂಬ ಸಂಕೇತವನ್ನೂ, ಬೀದರದಲ್ಲಿ ನೋಂದಣಿಯಾದವು ಕೆಎ-38 ಎಂಬ ಸಂಕೇತವನ್ನೂ ಹೊಂದಿರುತ್ತವೆ.

ಹೆಸರು, ಉದ್ದು, ಸೋಯಾ, ತೊಗರಿ, ಕಡಲೆ ಮತ್ತು ಜೋಳ ಈ ಭಾಗದ ಮುಖ್ಯ ಬೆಳೆಗಳು. ಹಳ್ಳಿಯಿಂದ ಕೃಷಿ ಮಾರುಕಟ್ಟೆಗೆ ಧಾನ್ಯದ ಚೀಲಗಳನ್ನೂ, ಪೇಟೆಯಿಂದ ಹಳ್ಳಿಗೆ ಗೊಬ್ಬರ, ಸಿಮೆಂಟ್, ಕಿರಾಣಿ ಸರಕುಗಳನ್ನೂ ಸಾಗಿಸುವಲ್ಲಿ ಪಿಕಪ್ ಮತ್ತು ಮಿನಿ ಟ್ರಕ್‌ಗಳ ಪಾತ್ರ ದೊಡ್ಡದು. ಮಹೀಂದ್ರ ಬೊಲೆರೊ ಪಿಕಪ್, ಟಾಟಾ 207, 2005ರಲ್ಲಿ ಮಾರುಕಟ್ಟೆಗೆ ಬಂದು 'ಛೋಟಾ ಹಾಥಿ' ಎಂದು ಜನಪ್ರಿಯವಾದ ಟಾಟಾ ಏಸ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಮೊದಲಾದವು ಈ ವರ್ಗದಲ್ಲಿ ಸೇರುತ್ತವೆ. ಇವುಗಳ ಹಳೆಯ ಮಾದರಿಗಳಲ್ಲಿ ಯಾಂತ್ರಿಕ ಇಂಜೆಕ್ಷನ್ ಪಂಪ್ ಇರುತ್ತದೆ. ನಂತರದ ಅನೇಕ ಮಾದರಿಗಳಲ್ಲಿ ವಿದ್ಯುನ್ಮಾನ ನಿಯಂತ್ರಣದ ಕಾಮನ್ ರೈಲ್ ವ್ಯವಸ್ಥೆ ಇದೆ. ಭಾರತ್ ಸ್ಟೇಜ್-4 ಹೊಗೆ ಮಾನದಂಡವು 2017ರ ಏಪ್ರಿಲ್ 1ರಿಂದ, ಭಾರತ್ ಸ್ಟೇಜ್-6 ಮಾನದಂಡವು 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದವು. ಈ ಲೇಖನದಲ್ಲಿ 'ಹಳೆಯ' ಎಂಬ ಮಾತು ಮುಖ್ಯವಾಗಿ 2020ಕ್ಕಿಂತ ಹಿಂದಿನ ವಾಹನಗಳಿಗೆ ಅನ್ವಯಿಸುತ್ತದೆ.

ಆರ್ಥಿಕ ಮಹತ್ವ

ಬಾಡಿಗೆ ಪಿಕಪ್ ಓಡಿಸುವವರ ದೈನಂದಿನ ಖರ್ಚಿನಲ್ಲಿ ಡೀಸೆಲ್‌ನದೇ ದೊಡ್ಡ ಪಾಲು. ಲೀಟರ್‌ಗೆ 12 ಕಿಲೋಮೀಟರ್ ಓಡುತ್ತಿದ್ದ ವಾಹನ 10 ಕಿಲೋಮೀಟರ್‌ಗೆ ಇಳಿಯಿತೆಂದು ಭಾವಿಸೋಣ. ದಿನಕ್ಕೆ 100 ಕಿಲೋಮೀಟರ್ ಓಡಿಸಿದರೆ ಮೊದಲು 8.33 ಲೀಟರ್ ಸಾಕಾಗುತ್ತಿದ್ದಲ್ಲಿ ಈಗ 10 ಲೀಟರ್ ಬೇಕು. ವರ್ಷಕ್ಕೆ 300 ದಿನಗಳ ದುಡಿಮೆಯಲ್ಲಿ ವ್ಯತ್ಯಾಸ 500 ಲೀಟರ್ ಆಗುತ್ತದೆ. ಲೀಟರ್‌ಗೆ 90 ರೂಪಾಯಿ ಎಂದು ಹಿಡಿದರೂ ಇದು 45,000 ರೂಪಾಯಿಗಳ ನಷ್ಟ. ಸಾಲದ ಕಂತು, ವಿಮೆ ಮತ್ತು ಅರ್ಹತಾ ಪತ್ರದ ಖರ್ಚು ಹೊತ್ತ ಸಣ್ಣ ಮಾಲೀಕನಿಗೆ ಈ ಮೊತ್ತವೇ ಲಾಭ ಮತ್ತು ನಷ್ಟಗಳ ನಡುವಿನ ಅಂತರವಾಗಬಹುದು.

ಮೊದಲ ಹೆಜ್ಜೆ: ಸರಿಯಾದ ಅಳತೆ

ಇಂಧನ ಕ್ಷಮತೆ ಇಳಿದಿದೆ ಎಂಬ ದೂರುಗಳಲ್ಲಿ ಒಂದು ಭಾಗ ಅಳತೆಯ ತಪ್ಪಿನಿಂದ ಹುಟ್ಟಿದ್ದಾಗಿರುತ್ತದೆ. ಆದಕಾರಣ ಪತ್ತೆಯ ಕೆಲಸ ಲೆಕ್ಕದಿಂದ ಆರಂಭವಾಗಬೇಕು.

ತುಂಬು ಟ್ಯಾಂಕ್ ವಿಧಾನ: ಟ್ಯಾಂಕನ್ನು ಪೂರ್ತಿ ತುಂಬಿಸಿ ಓಡೋಮೀಟರ್ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಎಂದಿನಂತೆ ಓಡಿಸಿದ ಬಳಿಕ ಸಾಧ್ಯವಾದಷ್ಟು ಅದೇ ಬಂಕಿನಲ್ಲಿ, ಅದೇ ಸಮತಟ್ಟಾದ ಜಾಗದಲ್ಲಿ ಮತ್ತೆ ಪೂರ್ತಿ ತುಂಬಿಸಬೇಕು. ಓಡಿದ ದೂರವನ್ನು ಎರಡನೆಯ ಸಲ ಹಾಕಿಸಿದ ಲೀಟರ್‌ಗಳಿಂದ ಭಾಗಿಸಿದರೆ ಕ್ಷಮತೆ ದೊರೆಯುತ್ತದೆ. 286 ಕಿಲೋಮೀಟರ್ ಓಡಿದ ಮೇಲೆ 26 ಲೀಟರ್ ಹಿಡಿಸಿದರೆ ಅದು ಲೀಟರ್‌ಗೆ 11 ಕಿಲೋಮೀಟರ್. ಡೀಸೆಲ್ ನೊರೆಯ ಕಾರಣ ತುಂಬಿಸುವ ಮಟ್ಟದಲ್ಲಿ ಒಂದು ಲೀಟರ್‌ನಷ್ಟು ಹೆಚ್ಚುಕಡಿಮೆ ಸಹಜ. 10 ಲೀಟರ್ ಅಳತೆಯಲ್ಲಿ ಇದು ಶೇ. 10ರ ತಪ್ಪಾಗುತ್ತದೆ, 40 ಲೀಟರ್‌ನಲ್ಲಿ ಶೇ. 2.5 ಮಾತ್ರ. ಆದ್ದರಿಂದ ಕನಿಷ್ಠ ಮೂರು ಟ್ಯಾಂಕ್‌ಗಳ ಸರಾಸರಿಯನ್ನು ನಂಬುವುದು ಒಳ್ಳೆಯದು.

ರೂಪಾಯಿ ಲೆಕ್ಕದ ಭ್ರಮೆ: ಅನೇಕರು ಲೀಟರ್ ಲೆಕ್ಕದಲ್ಲಿ ಹಾಕಿಸದೆ '500 ರೂಪಾಯಿಯ ಡೀಸೆಲ್' ಹಾಕಿಸುತ್ತಾರೆ. ದರ 80 ರೂಪಾಯಿ ಇದ್ದಾಗ ಆ ಹಣಕ್ಕೆ 6.25 ಲೀಟರ್ ಬರುತ್ತದೆ. 90 ರೂಪಾಯಿ ಆದಾಗ 5.56 ಲೀಟರ್ ಮಾತ್ರ. ವಾಹನದಲ್ಲಿ ಯಾವ ದೋಷವಿಲ್ಲದಿದ್ದರೂ ಅಷ್ಟೇ ಹಣಕ್ಕೆ ಓಡುವ ದೂರ ಶೇ. 11ರಷ್ಟು ಕುಗ್ಗುತ್ತದೆ. ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆಯಾಗಿ ಡೀಸೆಲ್ ದರವೂ ಬೇರೆಯಾಗುವುದರಿಂದ, ಗಡಿ ದಾಟಿ ಓಡುವ ಔರಾದ, ಭಾಲ್ಕಿ ಭಾಗದ ವಾಹನಗಳಿಗೆ ಈ ಎಚ್ಚರ ಹೆಚ್ಚು ಅಗತ್ಯ.

ಓಡೋಮೀಟರ್ ದೋಷ: ಮೊದಲಿಗಿಂತ ದೊಡ್ಡ ಅಳತೆಯ ಟಯರ್ ಹಾಕಿದ್ದರೆ ಚಕ್ರವು ಪ್ರತಿ ಕಿಲೋಮೀಟರ್‌ಗೆ ಕಡಿಮೆ ಸುತ್ತುತ್ತದೆ, ಓಡೋಮೀಟರ್ ನಿಜಕ್ಕಿಂತ ಕಡಿಮೆ ದೂರ ತೋರಿಸುತ್ತದೆ. ಸವೆದ ಟಯರ್ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿದಾಗಲೂ ಸ್ವಲ್ಪ ಮಟ್ಟಿಗೆ ಹೀಗೆಯೇ ಆಗುತ್ತದೆ. 70 ಸೆಂಟಿಮೀಟರ್ ವ್ಯಾಸದ ಟಯರ್‌ನಲ್ಲಿ 8 ಮಿಲಿಮೀಟರ್ ಸವೆತವಿದ್ದರೆ ವ್ಯಾಸದಲ್ಲಿ 16 ಮಿಲಿಮೀಟರ್, ಅಂದರೆ ಸುಮಾರು ಶೇ. 2ರ ವ್ಯತ್ಯಾಸವಾಗುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಡನೆ ಅಥವಾ ಮೊಬೈಲ್ ಫೋನಿನ ನಕ್ಷೆಯೊಡನೆ 40–50 ಕಿಲೋಮೀಟರ್ ಹೋಲಿಸಿ ನೋಡಿದರೆ ಈ ದೋಷ ತಿಳಿಯುತ್ತದೆ.

ಬಂಕಿನ ಅಳತೆ: ಬಂಕಿನಲ್ಲಿ ಕಡಿಮೆ ಹಾಕುತ್ತಾರೆಂಬ ಅನುಮಾನವಿದ್ದರೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸುವಂತೆ ಗ್ರಾಹಕರು ಕೇಳಬಹುದು. 5 ಲೀಟರ್‌ಗೆ 25 ಮಿಲಿಲೀಟರ್‌ವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ; ಇದು ಶೇ. 0.5 ಮಾತ್ರ. ಅಳತೆ ಸರಿಯಿದ್ದರೆ, ಶೇ. 15ರ ಇಳಿಕೆಗೆ ಕಾರಣವನ್ನು ವಾಹನದಲ್ಲೋ ಬಳಕೆಯಲ್ಲೋ ಹುಡುಕಬೇಕೆಂದು ಸ್ಪಷ್ಟವಾಗುತ್ತದೆ.

ಬಳಕೆಯಲ್ಲಿನ ಬದಲಾವಣೆಗಳು

ಅಳತೆ ನಿಜವೆಂದು ಖಚಿತವಾದ ಮೇಲೆ, ವಾಹನವನ್ನು ಬಳಸುವ ರೀತಿ ಬದಲಾಗಿದೆಯೇ ಎಂದು ನೋಡಬೇಕು.

- ಹೊರೆ: ಟಯರ್‌ಗಳ ಉರುಳು ಪ್ರತಿರೋಧವು ಒಟ್ಟು ತೂಕಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಸುಗ್ಗಿಯಲ್ಲಿ ತುಂಬಿದ ಚೀಲಗಳೊಡನೆ ಓಡಿದ ವಾರದ ಲೆಕ್ಕವನ್ನು ಖಾಲಿ ಓಡಾಟದ ವಾರದೊಡನೆ ಹೋಲಿಸುವುದು ಸರಿಯಲ್ಲ. ಅನುಮತಿಸಿದ ತೂಕವನ್ನು ಮೀರುವುದು ಮೋಟಾರು ವಾಹನ ಕಾಯ್ದೆಯಡಿ ದಂಡನೀಯ.
- ಏರು: ನದಿ ಕಣಿವೆಯಿಂದ ಬೀದರ ನಗರದ ಎತ್ತರಕ್ಕೆ ಹೊರೆ ಹೊತ್ತು ಏರುವಾಗ ಹೆಚ್ಚು ಡೀಸೆಲ್ ಬೇಕಾಗುತ್ತದೆ. ಎರಡೂವರೆ ಟನ್ ಒಟ್ಟು ತೂಕವನ್ನು 100 ಮೀಟರ್ ಎತ್ತರಿಸಲು ಸುಮಾರು ಕಾಲು ಲೀಟರ್‌ನಷ್ಟು ಡೀಸೆಲ್ ಹೆಚ್ಚುವರಿಯಾಗಿ ಖರ್ಚಾಗುತ್ತದೆ. ಆದ್ದರಿಂದ ಹೋಗಿಬರುವ ಎರಡೂ ದಾರಿಗಳನ್ನು ಸೇರಿಸಿಯೇ ಅಳೆಯಬೇಕು.
- ವೇಗ: ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 60 ಕಿಲೋಮೀಟರ್‌ನಿಂದ 80ಕ್ಕೆ ಏರಿಸಿದರೆ ಅದು ಶೇ. 78ರಷ್ಟು ಹೆಚ್ಚುತ್ತದೆ. ರಸ್ತೆ ಅಗಲವಾಗಿ ಸುಧಾರಿಸಿದ ಮೇಲೆ ಮೈಲೇಜ್ ಇಳಿಯಿತೆಂಬ ದೂರಿನ ಹಿಂದೆ ಹೆಚ್ಚಿದ ವೇಗ ಇರಬಹುದು. ಎತ್ತರದ ಜಾಲರಿ ಕಟ್ಟು ಮತ್ತು ಗಾಳಿಗೆ ಬಡಿಯುವ ತಾಡಪತ್ರಿ ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ.
- ನಿಂತಲ್ಲಿ ಎಂಜಿನ್ ಓಡಿಸುವುದು: ಎರಡೂವರೆ ಲೀಟರ್ ಸಾಮರ್ಥ್ಯದ ಡೀಸೆಲ್ ಎಂಜಿನ್ ನಿಂತಲ್ಲೇ ಗಂಟೆಗೆ ಅರ್ಧದಿಂದ ಒಂದು ಲೀಟರ್ ಡೀಸೆಲ್ ಸುಡಬಹುದು. ಮಾರುಕಟ್ಟೆಯ ಸರದಿಯಲ್ಲಿ ಹೀಗೆ ಕಳೆದ ಹೊತ್ತು ಓಡೋಮೀಟರ್‌ನಲ್ಲಿ ಕಾಣುವುದಿಲ್ಲ, ಡೀಸೆಲ್ ಬಿಲ್ಲಿನಲ್ಲಿ ಕಾಣುತ್ತದೆ.

ಚಲನೆಗೆ ಅಡ್ಡಿಯಾಗುವ ದೋಷಗಳು

ಎಂಜಿನ್ ಸರಿಯಾಗಿದ್ದರೂ ಅದು ಉತ್ಪಾದಿಸಿದ ಶಕ್ತಿ ಚಕ್ರದವರೆಗೆ ತಲುಪದೆ ಅಥವಾ ಘರ್ಷಣೆಯಲ್ಲಿ ಪೋಲಾಗಬಹುದು. ಈ ಪರೀಕ್ಷೆಗಳಿಗೆ ತಗಲುವ ಖರ್ಚು ಕಡಿಮೆ. ಆದ್ದರಿಂದ ಎಂಜಿನ್‌ಗೆ ಕೈಹಾಕುವ ಮೊದಲೇ ಇವನ್ನು ಮುಗಿಸಬೇಕು.

ಟಯರ್: ಗಾಳಿ ಕಡಿಮೆಯಿದ್ದ ಟಯರ್ ಹೆಚ್ಚು ಮಡಚಿಕೊಂಡು ಬಿಸಿಯಾಗುತ್ತದೆ, ಆ ಶಾಖವೆಲ್ಲ ಡೀಸೆಲ್‌ನಿಂದ ಬಂದದ್ದೇ. ಟಯರ್ ತಣ್ಣಗಿರುವಾಗ, ವಾಹನದ ಮೇಲಿನ ಫಲಕದಲ್ಲಿ ಅಥವಾ ಕೈಪಿಡಿಯಲ್ಲಿ ಹೇಳಿದ ಒತ್ತಡವನ್ನು ನೋಡಬೇಕು. ಹೊರೆ ಹೊತ್ತಾಗ ಹಿಂದಿನ ಚಕ್ರಗಳಿಗೆ ಹೆಚ್ಚು ಒತ್ತಡ ಬೇಕು. ಮುಂದಿನ ಟಯರ್‌ಗಳು ಒಂದು ಅಂಚಿನಲ್ಲಿ ಮಾತ್ರ ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ಕೆಟ್ಟಿರುವ ಸಂಭವವಿದೆ.

ಬ್ರೇಕ್ ಮತ್ತು ಬೇರಿಂಗ್: ಬ್ರೇಕ್ ಪೂರ್ತಿ ಬಿಡದೆ ಹಿಡಿದುಕೊಂಡಿರುವುದು ಹಳೆಯ ವಾಹನಗಳ ಸಾಮಾನ್ಯ ದೋಷ. ಸಿಲುಕಿಕೊಂಡ ಹ್ಯಾಂಡ್‌ಬ್ರೇಕ್ ಕೇಬಲ್, ತುಕ್ಕು ಹಿಡಿದ ಚಕ್ರ ಸಿಲಿಂಡರ್, ಬಿಗಿಯಾಗಿ ಹೊಂದಿಸಿದ ಬ್ರೇಕ್ ಶೂ ಇದಕ್ಕೆ ಕಾರಣ. ಎಂಟು ಹತ್ತು ಕಿಲೋಮೀಟರ್ ಆದಷ್ಟು ಬ್ರೇಕ್ ಬಳಸದೆ ಓಡಿಸಿ ನಿಲ್ಲಿಸಿ, ಡ್ರಮ್‌ಗಳ ಹತ್ತಿರ ಕೈ ಹಿಡಿದು ಬಿಸಿಯನ್ನು ಹೋಲಿಸಬೇಕು; ನೇರವಾಗಿ ಮುಟ್ಟಿದರೆ ಸುಡುವ ಅಪಾಯವಿದೆ. ಉಳಿದವಕ್ಕಿಂತ ಒಂದು ಚಕ್ರ ಬಹಳ ಬಿಸಿಯಾಗಿದ್ದರೆ ಆ ಚಕ್ರವನ್ನು ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ ನೋಡಬೇಕು. ತಿರುಗುವಾಗ ಗರಗರ ಶಬ್ದ ಬಂದರೆ ಬೇರಿಂಗ್ ಸವೆದಿರಬಹುದು. ಜಾಕ್ ಏರಿಸುವಾಗ ಉಳಿದ ಚಕ್ರಗಳಿಗೆ ಕಲ್ಲು ಕೊಡುವುದು ಕಡ್ಡಾಯ.

ಕ್ಲಚ್: ಮೇಲಿನ ಗೇರ್‌ನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್‌ನ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸುಟ್ಟ ವಾಸನೆ ಇದರ ಇನ್ನೊಂದು ಸೂಚನೆ. ಕಾಲನ್ನು ಕ್ಲಚ್ ಪೆಡಲಿನ ಮೇಲೆ ಇಟ್ಟೇ ಓಡಿಸುವ ಅಭ್ಯಾಸವು ಈ ಸವೆತವನ್ನು ಹೆಚ್ಚಿಸುತ್ತದೆ.

ಎಂಜಿನ್‌ಗೆ ಸಂಬಂಧಿಸಿದ ಕಾರಣಗಳು

ಗಾಳಿಯ ದಾರಿ: ಕಚ್ಚಾ ರಸ್ತೆಗಳ ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಗಾಳಿ ಸಾಲದಿದ್ದಾಗ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೊರಬೀಳುತ್ತದೆ. ಶಕ್ತಿ ಕುಂದಿದ್ದರಿಂದ ಚಾಲಕ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾನೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು; ಜೋರಾದ ಹವಾ ಹೊಡೆದರೆ ಅದು ಹರಿದು ಧೂಳು ಎಂಜಿನ್ ಸೇರುತ್ತದೆ. ಟರ್ಬೊ ಇರುವ ಎಂಜಿನ್‌ನಲ್ಲಿ ಟರ್ಬೊದಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪು ಸೀಳಿದ್ದರೂ ಇದೇ ಪರಿಣಾಮ. ಎಳೆತ ಬಿದ್ದಾಗ 'ಸುಯ್' ಎಂಬ ಶಬ್ದ ಕೇಳಬಹುದು. ಹೊಗೆಯ ಒಂದು ಭಾಗವನ್ನು ಮರಳಿ ಎಂಜಿನ್‌ಗೆ ಕಳಿಸುವ ಇಜಿಆರ್ ಕವಾಟವು ಮಸಿ ಕಟ್ಟಿ ತೆರೆದೇ ಉಳಿಯುವುದು ಮತ್ತು ಸೈಲೆನ್ಸರ್ ಕಟ್ಟಿಕೊಳ್ಳುವುದು ಉಳಿದ ಕಾರಣಗಳು.

ಎಂಜಿನ್‌ನ ಶಾಖ: ಥರ್ಮೋಸ್ಟಾಟ್ ಎಂಬ ಕವಾಟವು ಎಂಜಿನ್ ಬೇಗ ಕಾದು ಸರಿಯಾದ ಉಷ್ಣತೆಯಲ್ಲಿ ಉಳಿಯುವಂತೆ ಮಾಡುತ್ತದೆ. ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆಂಬ ಭಯದಿಂದ ಕೆಲವೆಡೆ ಇದನ್ನು ತೆಗೆದೇಬಿಡುತ್ತಾರೆ. ಆಗ ಎಂಜಿನ್ ಸದಾ ತಣ್ಣಗೆ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಸವೆತವೂ ಹೆಚ್ಚುತ್ತದೆ. ಅರ್ಧ ಗಂಟೆ ಓಡಿದ ಮೇಲೂ ಉಷ್ಣತೆಯ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ ಇದೆಯೇ ಎಂದು ನೋಡಬೇಕು. ಎಂಜಿನ್ ಕಾಯುವ ತೊಂದರೆಗೆ ರೇಡಿಯೇಟರ್ ಶುಚಿಗೊಳಿಸುವುದು, ಫ್ಯಾನ್ ಮತ್ತು ನೀರಿನ ಪಂಪ್ ಪರೀಕ್ಷಿಸುವುದು ಸರಿಯಾದ ಪರಿಹಾರ.

ಸೋರಿಕೆ: ರಾತ್ರಿ ವಾಹನದ ಕೆಳಗೆ ರಟ್ಟು ಹಾಸಿಟ್ಟರೆ ಬೆಳಿಗ್ಗೆ ಡೀಸೆಲ್ ಹನಿಗಳು ಕಾಣುತ್ತವೆ. ರಿಟರ್ನ್ ಪೈಪು, ಫಿಲ್ಟರ್‌ನ ಸೀಲ್, ಟ್ಯಾಂಕಿನ ತಳ ಇವು ಸೋರುವ ಜಾಗಗಳು. ಒಳಸೋರಿಕೆ ಇನ್ನೂ ಅಪಾಯಕಾರಿ: ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದು ಅದರಲ್ಲಿ ಡೀಸೆಲ್ ವಾಸನೆ ಇದ್ದರೆ ವಾಹನವನ್ನು ಓಡಿಸದೆ ಗ್ಯಾರೇಜಿಗೆ ಒಯ್ಯಬೇಕು. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ಕೆಡಿಸುತ್ತದೆ. ಎಂಜಿನ್ ತಡೆಯಿಲ್ಲದೆ ಓಡುವ ಸಂಭವವೂ ಇದೆ.

ಪಂಪ್ ಮತ್ತು ನಾಜಲ್: ನಾಜಲ್ ತುದಿ ಸವೆದರೆ ಡೀಸೆಲ್ ಮಂಜಿನಂತೆ ಚಿಮ್ಮದೆ ಹನಿಹನಿಯಾಗಿ ಬೀಳುತ್ತದೆ. ನಾಜಲ್ ತೆರೆಯುವ ಒತ್ತಡ ಮತ್ತು ಚಿಮ್ಮುವ ರೀತಿಯನ್ನು ಪರೀಕ್ಷಾ ಯಂತ್ರದ ಮೇಲೆ ನೋಡಬೇಕು. ಯಾಂತ್ರಿಕ ಪಂಪ್‌ನಲ್ಲಿ ಮೊಹರು ಒಡೆದು ಸ್ಕ್ರೂ ತಿರುಗಿಸಿ ಹೆಚ್ಚು ಡೀಸೆಲ್ ಬಿಡುವುದರಿಂದ ಎಳೆತ ಹೆಚ್ಚಿದಂತೆ ಕಂಡರೂ ಕಪ್ಪು ಹೊಗೆಯೂ ಖರ್ಚೂ ಏರುತ್ತವೆ. ಪಂಪ್‌ನ ಟೈಮಿಂಗ್ ಹಿಂದಾದರೆ ಶಕ್ತಿ ಕುಗ್ಗುತ್ತದೆ. ಮುಂದಾದರೆ ಎಂಜಿನ್ ಬಡಿಯುತ್ತದೆ. ಕಾಮನ್ ರೈಲ್ ವಾಹನಗಳಲ್ಲಿ ಸ್ಕ್ಯಾನರ್ ಮೂಲಕ ದೋಷ ಸಂಕೇತಗಳನ್ನು ಓದಿ, ಇಂಜೆಕ್ಟರ್‌ಗಳಿಂದ ಹಿಂದಿರುಗುವ ಡೀಸೆಲ್ ಪ್ರಮಾಣವನ್ನು ಹೋಲಿಸುತ್ತಾರೆ. ಇಂತಹ ಎಂಜಿನ್ ಓಡುತ್ತಿರುವಾಗ ಇಂಧನ ಪೈಪುಗಳನ್ನು ಎಂದಿಗೂ ಸಡಿಲಿಸಬಾರದು: ಒಳಗಿನ ಒತ್ತಡ 1,000 ಬಾರ್ ಮೀರಬಹುದು, ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ.

ಸಂಕೋಚನ: ಪಿಸ್ಟನ್ ರಿಂಗ್ ಮತ್ತು ಲೈನರ್ ಸವೆದಾಗ, ಅಥವಾ ಟ್ಯಾಪೆಟ್ ಅಂತರ ತಪ್ಪಿ ಕವಾಟ ಸರಿಯಾಗಿ ಮುಚ್ಚದಿದ್ದಾಗ, ಸಿಲಿಂಡರ್‌ನ ಒತ್ತಡ ಸೋರುತ್ತದೆ. ಬೆಳಗಿನ ಸ್ಟಾರ್ಟ್ ಕಷ್ಟವಾಗುವುದು, ಎಂಜಿನ್ ಆಯಿಲ್ ಬೇಗ ಕಡಿಮೆಯಾಗುವುದು, ಆಯಿಲ್ ಹಾಕುವ ಮುಚ್ಚಳದಿಂದ ಜೋರಾಗಿ ಹೊಗೆ ಏಳುವುದು ಇದರ ಲಕ್ಷಣಗಳು. ಮೊದಲು ಟ್ಯಾಪೆಟ್ ಹೊಂದಿಸಿ, ಸಂಕೋಚನವನ್ನು ಮಾಪಕದಿಂದ ಅಳೆದ ನಂತರವೇ ಎಂಜಿನ್ ಬಿಚ್ಚುವ ತೀರ್ಮಾನಕ್ಕೆ ಬರಬೇಕು.

ಹೊಗೆಯ ಬಣ್ಣ

- ಕಪ್ಪು: ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಏರ್ ಫಿಲ್ಟರ್, ಟರ್ಬೊ ಪೈಪು, ನಾಜಲ್, ಪಂಪ್ ನೋಡಬೇಕು.
- ಬಿಳಿ: ಉರಿಯದ ಡೀಸೆಲ್, ಅಥವಾ ಸಿಲಿಂಡರ್‌ಗೆ ಸೇರಿದ ರೇಡಿಯೇಟರ್ ನೀರು. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಹೊತ್ತು ಕಾಣುವ ಬಿಳಿ ಹೊಗೆ ಸಹಜ.
- ನೀಲಿ: ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ಕವಾಟದ ಸೀಲ್ ಅಥವಾ ಟರ್ಬೊ ಸವೆತ ಇರಬಹುದು.

ಹೊಗೆ ತಪಾಸಣಾ ಕೇಂದ್ರದ ಪ್ರಮಾಣಪತ್ರವೂ ಒಂದು ಸಾಕ್ಷ್ಯ. ಡೀಸೆಲ್ ವಾಹನಗಳಲ್ಲಿ ಹೊಗೆಯ ಸಾಂದ್ರತೆಯನ್ನು ಬೆಳಕು ಹೀರುವ ಗುಣಾಂಕವಾಗಿ ದಾಖಲಿಸುತ್ತಾರೆ. ಭಾರತ್ ಸ್ಟೇಜ್-4ಕ್ಕಿಂತ ಹಿಂದಿನ ವಾಹನಗಳಿಗೆ ಮಿತಿ 2.45, ಸ್ಟೇಜ್-4 ವಾಹನಗಳಿಗೆ 1.62. ಹಿಂದಿನ ಪ್ರಮಾಣಪತ್ರಗಳನ್ನು ಕಾಯ್ದಿಟ್ಟರೆ, ಅಂಕಿ ಮಿತಿಯೊಳಗಿದ್ದರೂ ಸಲದಿಂದ ಸಲಕ್ಕೆ ಏರುತ್ತಿರುವುದು ಗಮನಕ್ಕೆ ಬರುತ್ತದೆ.

ಪತ್ತೆಯ ಕ್ರಮ

ಖರ್ಚಿಲ್ಲದ ಪರೀಕ್ಷೆಯಿಂದ ಖರ್ಚಿನ ಪರೀಕ್ಷೆಯ ಕಡೆಗೆ ಸಾಗುವುದು ಇಲ್ಲಿನ ಮೂಲ ನಿಯಮ.

1. ಮೂರು ತುಂಬು ಟ್ಯಾಂಕ್‌ಗಳ ಅಳತೆ, ಓಡೋಮೀಟರ್ ತಾಳೆ.
2. ಹೊರೆ, ದಾರಿ, ವೇಗ, ಕಾಯುವ ಹೊತ್ತಿನ ಟಿಪ್ಪಣಿ.
3. ಟಯರ್ ಒತ್ತಡ, ಡೀಸೆಲ್ ಸೋರಿಕೆ, ಚಕ್ರಗಳ ಬಿಸಿ, ಕ್ಲಚ್ ಜಾರುವಿಕೆ.
4. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಥರ್ಮೋಸ್ಟಾಟ್, ಟರ್ಬೊ ಪೈಪು.
5. ಟ್ಯಾಪೆಟ್, ಟೈಮಿಂಗ್, ಸ್ಕ್ಯಾನರ್ ಪರೀಕ್ಷೆ.
6. ನಾಜಲ್, ಪಂಪ್ ಪರೀಕ್ಷೆ. ಕೊನೆಗೆ ಸಂಕೋಚನ ಮಾಪನ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಅಳೆಯಬೇಕು. ಫಿಲ್ಟರ್, ನಾಜಲ್ ಮತ್ತು ಟಯರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮೈಲೇಜ್ ಸುಧಾರಿಸಬಹುದು. ಆದರೆ ನಿಜವಾದ ಕಾರಣ ಯಾವುದೆಂದು ತಿಳಿಯುವುದಿಲ್ಲ.

ಇಳಿಕೆಯ ವೇಗವೂ ಒಂದು ಸುಳಿವು. ಒಂದೇ ವಾರದಲ್ಲಿ ಮೈಲೇಜ್ ಕುಸಿದಿದ್ದರೆ ಸೋರಿಕೆ, ಸಿಲುಕಿದ ಬ್ರೇಕ್, ಸೀಳಿದ ಪೈಪು ಅಥವಾ ಇತ್ತೀಚಿನ ದುರಸ್ತಿಯಲ್ಲಾದ ಲೋಪವನ್ನು ಮೊದಲು ಶಂಕಿಸಬೇಕು. ಒಂದೆರಡು ವರ್ಷಗಳಲ್ಲಿ ನಿಧಾನವಾಗಿ ಇಳಿದಿದ್ದರೆ ನಾಜಲ್, ರಿಂಗ್, ಕವಾಟಗಳ ಸವೆತ ಹೆಚ್ಚು ಸಂಭವನೀಯ.

ಮಾಲೀಕ ಮತ್ತು ಚಾಲಕ

ಮಾಲೀಕನೇ ಚಾಲಕನಲ್ಲದ ವಾಹನಗಳಲ್ಲಿ ಮೈಲೇಜ್ ಇಳಿದಾಗ ಮೊದಲ ಅನುಮಾನ ಚಾಲಕನ ಮೇಲೆ ಬೀಳುವುದುಂಟು. ಟ್ಯಾಂಕಿನಿಂದ ಡೀಸೆಲ್ ತೆಗೆಯುವ ಪ್ರಕರಣಗಳು ಇಲ್ಲವೆಂದಲ್ಲ. ಆದರೆ ಬಿಗಿಯಾದ ಬ್ರೇಕ್, ಜಾರುವ ಕ್ಲಚ್, ಮುಚ್ಚಿದ ಫಿಲ್ಟರ್ ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಕಳವಿನಂತೆಯೇ ಕಾಣಿಸುತ್ತವೆ. ಇಬ್ಬರೂ ಜೊತೆಯಲ್ಲಿದ್ದು ಟ್ಯಾಂಕ್ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕಿ, ಎಂದಿನ ಹೊರೆಯೊಡನೆ ಬೀದರ–ಭಾಲ್ಕಿ ಅಥವಾ ಬೀದರ–ಔರಾದ ದಾರಿಯಲ್ಲಿ ಮೂರು ನಾಲ್ಕು ಸಲ ಹೋಗಿಬಂದು ಮತ್ತೆ ತುಂಬಿಸಿದರೆ, ವಾಹನದ ನಿಜವಾದ ಕ್ಷಮತೆ ಇಬ್ಬರಿಗೂ ತಿಳಿಯುತ್ತದೆ. ಈ ಅಳತೆಯೂ ಕಡಿಮೆ ಬಂದರೆ ದೋಷ ವಾಹನದಲ್ಲಿದೆ. ಮನುಷ್ಯನ ಕೆಲಸ ಮತ್ತು ಹೆಸರು ಎರಡೂ ಪಣಕ್ಕಿರುವ ಇಂತಹ ಸಂದರ್ಭದಲ್ಲಿ, ಅಳತೆ ಮುಗಿಯುವ ಮುನ್ನ ಆರೋಪ ಹೊರಿಸುವುದು ನ್ಯಾಯವಲ್ಲ.

ನಿರ್ವಹಣೆ ಮತ್ತು ದಾಖಲೆ

ಸರಕು ಸಾಗಣೆ ವಾಹನಗಳು ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ಪ್ರತಿ ವರ್ಷ ಅರ್ಹತಾ ಪತ್ರ ನವೀಕರಿಸಿಕೊಳ್ಳಬೇಕು. ಬ್ರೇಕ್, ಟಯರ್ ಮತ್ತು ಹೊಗೆಯ ಪರೀಕ್ಷೆಗೆ ವಾಹನವನ್ನು ಸಿದ್ಧಪಡಿಸುವ ಈ ಸಂದರ್ಭವನ್ನೇ ಇಂಧನ ಕ್ಷಮತೆಯ ವಾರ್ಷಿಕ ತಪಾಸಣೆಗೂ ಬಳಸಬಹುದು. ದಿನಾಂಕ, ಓಡೋಮೀಟರ್ ಅಂಕಿ, ಲೀಟರ್, ಹೊರೆಯ ಅಂದಾಜು ಮತ್ತು ಮಾಡಿಸಿದ ದುರಸ್ತಿ ಎಂಬ ಐದು ಕಲಮುಗಳ ಒಂದು ನೋಟ್‌ಬುಕ್ ವಾಹನದಲ್ಲಿ ಇದ್ದರೆ ಸಾಕು. ಹೀಗೆ ಬರೆದಿಟ್ಟ ವಾಹನದ ದೋಷ ಯಾವಾಗ ಆರಂಭವಾಯಿತೆಂದು ಮಿಸ್ತ್ರಿಗೆ ಹೇಳಬಹುದು; ಬರೆದಿಡದ ವಾಹನದಲ್ಲಿ ಹೋಲಿಸಿ ನೋಡಲು ಹಳೆಯ ಅಂಕಿಯೇ ಇರುವುದಿಲ್ಲ.